ಮೆಸರ್ಸ್ ತಿಪ್ಪಮ್ಮ

“ಈ ಕಂಬಳಿ ಮುಟ್ಟಿ ಹೇಳ್ತೀನಿ ಸ್ವಾಮಿ. ನಾನು ಹೇಳೋದ್ರಾಗೆ ಒಂದಕ್ಷರ ಸುಳ್ಳಿದ್ರೆ ನನ್ನ ನಾಲಿಗೇನ ಟಗರು ತಿನ್ಲಿ,” ಎಂದು ನಾನು ಶುರು ಮಾಡಿದೆ.

“ಟಗರು ನಾಲಿಗೆ ತಿಂತೈತೇನ್ರಿ?” ಎಂದ ಹಾಲಸ್ವಾಮಿ.

“ತಿನ್ನಲ್ಲ. ಅದಕ್ಕೇ ಧೈರ್ಯವಾಗಿ ಹೇಳ್ತಿದೀನಿ.”

ಹಾಲಸ್ವಾಮಿ ತೆರಿಗೆ ಕಚೇರಿಯ ನೌಕರ. ಯಾವ ಊರಿನ ಕಚೇರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ನನಗೂ ಒಂದು ನೋಟಿಸು ಬರುತ್ತದೆ. ಅದನ್ನು ಇಟ್ಟುಕೊಳ್ಳಲು ನನ್ನ ಹತ್ತಿರ ಪೆಟ್ಟಿಗೆ ಇಲ್ಲ. ಅಂದು ಬೆಳಿಗ್ಗೆ ಒಂಬತ್ತಕ್ಕೆ ಅವನು ನ್ಯಾಮತಿ ರಸ್ತೆಯ ಶಿವಗಂಗಮ್ಮನ ಟೀ ಅಂಗಡಿ ಮುಂದೆ ಬೈಕು ನಿಲ್ಲಿಸಿದ್ದ. ಕಂಕುಳಲ್ಲಿ ಫೈಲು. ಬಿಳಿಚೋಡು ಕಡೆಯ ಕುರಿಯವರು ಎಲ್ಲಿ ಇಳಿದಿದ್ದಾರೆ ಎಂದು ಕೇಳಿದ. ಅಂಗಡಿಯಲ್ಲಿ ಹೆಗಲ ಮೇಲೆ ಕಂಬಳಿ ಇದ್ದವನು ನಾನೊಬ್ಬನೇ. ತಪ್ಪಿಸಿಕೊಳ್ಳುವಂತಿರಲಿಲ್ಲ.

“ನಾನೂ ಅದೇ ಮಂದೆಯೋನು. ನಿಂಗರಾಜ ಅಂತ. ಏನಾಗ್ಬೇಕಿತ್ತು?”

“ತಿಪ್ಪಮ್ಮ ಅನ್ನೋರ ಕುರಿ ಎಣಿಸಿ ಜಪ್ತಿ ಬರಿಬೇಕು. ಆರುನೂರ ಹನ್ನೆರಡು. ಮಧ್ಯಾಹ್ನ ಲಾರಿ ಬರ್ತಾವೆ.”

“ಕಾಲುವೆ ಆಚೆ ಗದ್ದೇಲಿ ಐದಾವೆ. ಬೈಕು ಹೋಗಲ್ಲ, ಅರ್ಧ ಗಂಟೆ ನಡೀಬೇಕು. ಬೆಳಿಗ್ಗೆ ಏನಾರ ತಿಂದಿದೀರಾ?”

ಅವನು ತಿಂದಿರಲಿಲ್ಲ. ಸರ್ಕಾರಿ ನೌಕರನ ಹೊಟ್ಟೆಯೂ ಹೊಟ್ಟೆಯೇ. ನಾನು ಶಿವಗಂಗಮ್ಮನಿಗೆ ಮಂಡಕ್ಕಿ, ಮೆಣಸಿನಕಾಯಿ, ಎರಡು ಟೀ ಹೇಳಿದೆ. ಮೆಣಸಿನಕಾಯಿ ಬಿಸಿಬಿಸಿ ಕರಿದು ಕೊಡಮ್ಮ, ಅವಸರ ಇಲ್ಲ ಎಂದೆ. ಆಮೇಲೆ ಕಂಬಳಿ ಮುಟ್ಟಿದೆ.

ನಮ್ಮ ಹಟ್ಟಿಯಲ್ಲಿ ನನಗೆ ಸುಳ್ಳಿನ ನಿಂಗ ಎಂದು ಹೆಸರು. ಮಳೆ ಬರುತ್ತದೆ ಎಂದು ನಾನು ಹೇಳಿದರೆ ಜನ ಬಟ್ಟೆ ಒಣಗಲು ಹಾಕುತ್ತಾರೆ. ಆದರೆ ಅಂದು ಹೇಳಿದ್ದೆಲ್ಲ ನಿಜ. ಇಷ್ಟು ದೊಡ್ಡ ಸುಳ್ಳು ಕಟ್ಟುವ ಶಕ್ತಿ ನನ್ನೊಬ್ಬನಿಗಿಲ್ಲ. ಅದಕ್ಕೆ ಒಂದು ಇಲಾಖೆಯೇ ಬೇಕು.

ನಮ್ಮದು ಏಳು ಮನೆಯ ಮಂದೆ. ಜಗಳೂರು ಕಡೆ ಮೇವು ಮುಗಿದಾಗ ಏಳು ಮನೆಯವರೂ ಕುರಿ ಕೂಡಿಸಿಕೊಂಡು ಹೊರಡುತ್ತೇವೆ. ಚನ್ನಗಿರಿ ದಾಟಿ, ಹೊನ್ನಾಳಿಯಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಇಳಿದು, ನ್ಯಾಮತಿ ಮುಟ್ಟಿ ಹಿಂದಿರುಗುತ್ತೇವೆ. ರಾತ್ರಿ ರೈತರ ಹೊಲದಲ್ಲಿ ಕುರಿ ನಿಲ್ಲಿಸುತ್ತೇವೆ. ಕುರಿ ಹಿಕ್ಕೆ ಹಾಕುತ್ತದೆ, ಗಂಜಲ ಹೊಯ್ಯುತ್ತದೆ, ನೆಲಕ್ಕೆ ಗೊಬ್ಬರವಾಗುತ್ತದೆ. ಹೊಲದವನು ದುಡ್ಡು ಕೊಡುತ್ತಾನೆ. ಕುರಿಯ ಕೆಲಸ ಅಷ್ಟೇ. ಉಳಿದದ್ದೆಲ್ಲ ನಮ್ಮದು. ದಿನಕ್ಕೆ ಹತ್ತು ಮೈಲಿ ನಡೆಯಬೇಕು. ಗೂಟ ಹೊಡೆದು ಕುರಿಗಳ ಸುತ್ತ ಬಲೆ ಕಟ್ಟಬೇಕು. ಬೆಳಿಗ್ಗೆ ಬಿಚ್ಚಬೇಕು. ದಾರಿಯಲ್ಲಿ ಈದ ಮರಿಯನ್ನು ಹೊರಬೇಕು. ತಿಪ್ಪಮ್ಮನ ಬಲಗಡೆ ಹೆಗಲು ಎಡಗಡೆಗಿಂತ ಎರಡು ಬೆರಳು ಕೆಳಗಿದೆ. ಮೂವತ್ತು ವರ್ಷ ಗೂಟದ ಕಟ್ಟು ಹೊತ್ತ ಹೆಗಲು ಅದು. ಹಿಮ್ಮಡಿಯ ಬಿರುಕಿನಲ್ಲಿ ನಾಣ್ಯ ನಿಲ್ಲಿಸಬಹುದು. ನಾನು ನಿಲ್ಲಿಸಿ ನೋಡಿದ್ದೇನೆ, ಒದೆ ತಿಂದಿದ್ದೇನೆ.

ಏಳು ಮನೆಯ ದುಡ್ಡು ಒಬ್ಬರ ಹತ್ತಿರ ಇರಬೇಕು. ಯಾರ ಹತ್ತಿರ? ಎಲ್ಲರಿಗಿಂತ ಕಡಿಮೆ ಕುರಿ ಇದ್ದವರ ಹತ್ತಿರ. ಇದು ಅಜ್ಜಂದಿರ ಕಾಲದ ಕಟ್ಟಳೆ. ಇನ್ನೂರು ಕುರಿ ಇದ್ದವನಿಗೆ ಒಂದು ದಿನ ಸಿಟ್ಟು ಬಂದರೆ ತನ್ನವನ್ನು ಹೊಡೆದುಕೊಂಡು ದುಡ್ಡಿನ ಸಮೇತ ಹೋಗಿಬಿಡಬಹುದು. ಮೂವತ್ತೊಂದು ಕುರಿ ಇದ್ದವಳು ಎಲ್ಲಿಗೆ ಹೋಗುತ್ತಾಳೆ? ಅಷ್ಟು ಸಣ್ಣ ಮಂದೆ ಒಂಟಿಯಾಗಿ ಸಿಕ್ಕರೆ ತೋಳಗಳು ವಾರದಲ್ಲಿ ಮುಗಿಸುತ್ತವೆ. ಅವಳಿಗೆ ಉಳಿದ ಆರು ಮನೆ ಬೇಕೇ ಬೇಕು. ಹಾಗಾಗಿ ಅವಳು ಮೋಸ ಮಾಡುವುದಿಲ್ಲ. ಬಡತನವೇ ಜಾಮೀನು. ತಿಪ್ಪಮ್ಮನ ಗಂಡ ಸತ್ತ ವರ್ಷದಿಂದ ದುಡ್ಡು ಅವಳ ಹತ್ತಿರ.

“ಒಳ್ಳೇ ಪದ್ಧತಿ,” ಎಂದ ಹಾಲಸ್ವಾಮಿ, ಮಂಡಕ್ಕಿ ಬಾಯಿಗೆ ಎಸೆದುಕೊಂಡು.

“ಒಳ್ಳೇದೇ. ನಿಮ್ಮ ಕಂಪ್ಯೂಟರ್‌ಗೆ ಯಾರೂ ಹೇಳಿರಲಿಲ್ಲ, ಅಷ್ಟೇಯ.”

ಮೊದಲು ರೈತರು ನಗದು ಕೊಡುತ್ತಿದ್ದರು. ಆಮೇಲೆ ಎಲ್ಲರೂ ಫೋನು ಎತ್ತತೊಡಗಿದರು. ಮರಿ ಕೊಳ್ಳುವ ವ್ಯಾಪಾರಿಗಳದ್ದೂ ಫೋನೇ. ತಿಪ್ಪಮ್ಮನಿಗೆ ಮಹಿಳಾ ಸಂಘದವರು ಮಾಡಿಸಿಕೊಟ್ಟ ಬ್ಯಾಂಕ್ ಖಾತೆ ಇತ್ತು. ಬ್ಯಾಂಕಿನವರೇ ಕರೆದು ಒಂದು ಕ್ಯೂಆರ್ ಹಲಗೆ ಕೊಟ್ಟರು. ಅಂಗಡಿ ಗೋಡೆಗೆ ಅಂಟಿಸಿಕೊಳ್ಳಿ ಎಂದರು. ನಮಗೆ ಗೋಡೆ ಇಲ್ಲ. ಸಾಮಾನು ಹೊರುವ ಕತ್ತೆಯ ಕೊರಳಿಗೆ ಕಟ್ಟಿದೆವು. ಜನ ಕತ್ತೆಯ ಮುಂದೆ ಫೋನು ಹಿಡಿದು ನಿಲ್ಲುತ್ತಿದ್ದರು. ಮೂರು ತಿಂಗಳಲ್ಲಿ ಅದಕ್ಕೆ ಎಷ್ಟು ಅಭ್ಯಾಸವಾಯಿತೆಂದರೆ ಯಾರಾದರೂ ಜೇಬಿಗೆ ಕೈ ಹಾಕಿದರೆ ಸಾಕು, ಕತ್ತು ಎತ್ತಿ ನಿಲ್ಲುತ್ತಿತ್ತು. ದುಡ್ಡು ಬಂದ ತಕ್ಷಣ ಅರಚುತ್ತಿತ್ತು.

“ಕತ್ತೆ ಅರಚ್ತಿತ್ತಾ?”

“ಎರಡು ಸಾವಿರದ ಮ್ಯಾಲಿದ್ರೆ ಎರಡು ಸಲ.”

ಹಾಲಸ್ವಾಮಿ ನಗಲಿಲ್ಲ. ಮೆಣಸಿನಕಾಯಿ ಕಚ್ಚಿದ.

ಏಳು ಮನೆಯ ಮರಿ ಮಾರಿದ ದುಡ್ಡು, ಏಳು ಮನೆಯ ಹಿಕ್ಕೆಯ ದುಡ್ಡು ಎಲ್ಲವೂ ಆ ಖಾತೆಗೆ ಬಂತು. ವರ್ಷಕ್ಕೆ ನಲವತ್ತು ಲಕ್ಷ ದಾಟಿದ ವ್ಯಾಪಾರಿ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕಂತೆ. ಎಲ್ಲೋ ಕೂತ ಯಂತ್ರ ಬಂದದ್ದನ್ನು ಎಣಿಸಿತು. ಬಂದದ್ದು ಏಳು ಮನೆಗೆ ಹಂಚಿ ಹೋಗಬೇಕಾದದ್ದು ಅದಕ್ಕೆ ಕಾಣಲಿಲ್ಲ. ಇಡೀ ಮಂದೆಯಲ್ಲಿ ಎಲ್ಲರಿಗಿಂತ ಬಡವಳು ಯಾರೋ ಅವಳನ್ನೇ ಹುಡುಕಿ, ಇವಳೇ ಸಾಹುಕಾರ್ತಿ ಎಂದು ಬರೆದುಕೊಂಡಿತು.

ನೋಟಿಸು ಬಿಳಿಚೋಡಿಗೆ ಹೋಯಿತು. ನಾವು ಹೊನ್ನಾಳಿಯಲ್ಲಿದ್ದೆವು. ಅದು ಬಸ್ಸಿನ ಕಂಡಕ್ಟರ್ ಕೈಯಿಂದ ಕೈಗೆ ದಾಟಿ ನಮ್ಮನ್ನು ಮುಟ್ಟುವಾಗ ಉತ್ತರ ಕೊಡುವ ದಿನ ಮುಗಿದು ಎರಡು ವಾರವಾಗಿತ್ತು. ಇಂಗ್ಲಿಷಿನಲ್ಲಿತ್ತು. ಹೊನ್ನಾಳಿಯ ಜೆರಾಕ್ಸ್ ಅಂಗಡಿಯ ಪ್ರಮೀಳಾ ಓದಿ ಹೇಳಿದಳು.

“ಮೆಸರ್ಸ್ ತಿಪ್ಪಮ್ಮ ಅಂತೈತೆ.”

“ಮೆಸರ್ಸ್ ಅಂದ್ರೆ ಏನವ್ವಾ?”

“ಕಂಪನಿ ಇದ್ದಂಗೆ ಅಮ್ಮಾ.”

“ನನ್ನ ಯಾವಾಗ ಮಾಡಿದ್ರು?”

“ಅದು ಬರ್ದಿಲ್ಲ. ಒಂಬತ್ತು ಲಕ್ಷದ ಮ್ಯಾಲೆ ಐತೆ. ಬಡ್ಡಿ, ದಂಡ ಎಲ್ಲ ಸೇರಿ.”

“ಯಾರಿಗೆ ಕೊಡ್ತಾರಂತೆ?”

ಪ್ರಮೀಳಾ ನನ್ನ ಮುಖ ನೋಡಿದಳು. ನಾನು ಮೆಷಿನ್ನಿನ ಮುಖ ನೋಡಿದೆ.

“ನೀನು ಕೊಡ್ಬೇಕಮ್ಮಾ,” ಎಂದಳು.

ಅದೇ ವಾರ ಖಾತೆಗೆ ಬೀಗ ಬಿತ್ತು. ಬ್ಯಾಂಕಿನಲ್ಲಿ ಕೇಳಿದರೆ ಮೇಲಿಂದ ಬಂದಿದೆ ಎಂದು ಚಾವಣಿ ತೋರಿಸಿದರು. ಚಾವಣಿಯಲ್ಲಿ ಫ್ಯಾನು ತಿರುಗುತ್ತಿತ್ತು. ಏಳು ಮನೆಯ ವರ್ಷದ ದುಡಿಮೆ ಆ ಖಾತೆಯಲ್ಲಿತ್ತು.

ಅದೇ ವಾರ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂತು. ಬಾಯಿ ಊದುತ್ತದೆ, ಮೇಯಲು ಆಗುವುದಿಲ್ಲ, ಕಾಲು ಕುಂಟುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಇರಲಿಲ್ಲ, ಹೊರಗೆ ತರಬೇಕು. ಹೊರಗಿನ ಅಂಗಡಿಯವನು ದುಡ್ಡು ಕೇಳಿದ. ತಿಪ್ಪಮ್ಮ ಫೋನು ತೆಗೆದು ತೋರಿಸಿದಳು. ಅಲ್ಲಿ ಲಕ್ಷಗಟ್ಟಲೆ ಇತ್ತು. ಒಂದು ರೂಪಾಯಿ ಬರುತ್ತಿರಲಿಲ್ಲ. ಅವಳು ಕುಂಟುವ ಕುರಿಗಳನ್ನು ಒಂದೊಂದೇ ಹೆಗಲ ಮೇಲೆ ಹೊತ್ತು ಬಲೆಗೆ ತಂದಳು. ತನ್ನವನ್ನಷ್ಟೇ ಅಲ್ಲ, ಎಲ್ಲರವನ್ನೂ. ರಾಗಿ ಗಂಜಿ ಕಾಸಿ ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಹುಯ್ದಳು. ಬಾಯಿಗೆ ಅರಿಶಿನ ಬೆಣ್ಣೆ ಹಚ್ಚಿದಳು. ಹತ್ತೊಂಬತ್ತು ಸತ್ತವು. ಅವುಗಳಲ್ಲಿ ಹದಿನಾಲ್ಕು ಮಂದೆಯ ಹಿರಿಯ ಜುಂಜಪ್ಪಜ್ಜನವು.

ಸತ್ತ ಕುರಿ ಹೂಳುವಾಗ ಜುಂಜಪ್ಪಜ್ಜ ಗುದ್ದಲಿ ಇಟ್ಟು ಕೇಳಿದ: “ತಂಗೀ, ಖಾತೆಗೆ ಬೀಗ ಹಾಕ್ಯಾರೆ ಅಂತೀಯ. ಹಾಕಿದೋರು ಯಾರು ಅಂತ ನಾವ್ಯಾರೂ ನೋಡಿಲ್ಲ. ನಿಜಾನಾ?”

ಎಪ್ಪತ್ತು ವರ್ಷದಲ್ಲಿ ಆ ಮಂದೆಯಲ್ಲಿ ಯಾರೂ ಯಾರನ್ನೂ ಆ ಮಾತು ಕೇಳಿರಲಿಲ್ಲ. ತಿಪ್ಪಮ್ಮ ಅವನ ಗುದ್ದಲಿ ಎತ್ತಿಕೊಂಡು ಗುಂಡಿ ಮುಗಿಸಿದಳು. ಮಾರನೆಯ ದಿನ ನನ್ನನ್ನು ಕರೆದುಕೊಂಡು ತೆರಿಗೆ ಕಚೇರಿಗೆ ಹೋದಳು.

ಕತೆ ಇಲ್ಲಿಗೆ ಬಂದಾಗ ಹಾಲಸ್ವಾಮಿ ಗಡಿಯಾರ ನೋಡಿದ. ನಾನು ಇನ್ನೆರಡು ಟೀ ಹೇಳಿದೆ.

“ನಿಮಗೆ ನೆನಪಿರ್ಬೇಕು ಸ್ವಾಮಿ. ಕಂಬಳಿ, ಕೋಲು ಹೊರಗೆ ಬಿಡಿಸಿದ್ರಿ.”

“ದಿನಾ ನೂರು ಜನ ಬರ್ತಾರೆ. ಯಾರ್‍ಯಾರನ್ನ ನೆನಪಿಟ್ಕೊಳ್ಳಾದು?”

ಮೂರು ಗಂಟೆ ನಿಂತೆವು. ಸಾಲಾಗಿ ಕುರ್ಚಿಗಳಿದ್ದವು. ತಿಪ್ಪಮ್ಮ ಒಂದರ ಮೇಲೆ ಕೂತಳು. ಅದು ವರ್ತಕರಿಗೆ, ಏಳಮ್ಮ ಎಂದರು. ಎದ್ದಳು. ನಾನು ನೋಟಿಸು ತೋರಿಸಿ, ಈಕೆಯೇ ವರ್ತಕಿ, ನೀವೇ ಬರೆದಿದ್ದೀರಿ, ಮೆಸರ್ಸ್ ತಿಪ್ಪಮ್ಮ ಎಂದೆ. ತಮಾಷೆ ಮಾಡಬೇಡ ಎಂದರು. ದುಡ್ಡು ಕೇಳುವಾಗ ಕಂಪನಿ. ಕೂರುವಾಗ ಕುರಿಯವಳು.

ಆಮೇಲೆ ಒಬ್ಬ ನೌಕರ ಬಂದ. ಕೈಯಲ್ಲಿ ಡಬ್ಬ. ಅವಳ ಸುತ್ತ ಸುತ್ತಿ ಪುಸ್ ಪುಸ್ ಎಂದು ಸಿಂಪಡಿಸಿದ. ಮಲ್ಲಿಗೆ ವಾಸನೆ. ಅವಳ ಸೆರಗಿನ ಮೇಲೂ ಬಿತ್ತು, ಕಣ್ಣಿಗೂ ಬಿತ್ತು. ಅವಳು ಕಣ್ಣು ಉಜ್ಜಿಕೊಂಡು, “ನಿಂಗಣ್ಣಾ, ಇದು ಯಾವ ರೋಗಕ್ಕೆ ಹೊಡಿಯಾದು?” ಎಂದಳು.

ಹಾಲಸ್ವಾಮಿ ಟೀ ಲೋಟದ ಒಳಗೆ ನೋಡುತ್ತ ಕೂತಿದ್ದ. ಅವನ ಕಿವಿ ಕೆಂಪಾಗಿತ್ತು. ಮೆಣಸಿನಕಾಯಿ ಖಾರ ಇದ್ದಿರಬೇಕು.

“ನನಗೆ ಹೊಡಿ ಅಂದ್ರು, ಹೊಡ್ದೆ,” ಎಂದ ಮೆಲ್ಲಗೆ.

“ನಾನೆಲ್ಲಿ ನಿಮ್ಮ ಹೆಸರು ಹೇಳ್ದೆ?” ಎಂದೆ. ಮುಂದುವರಿಸಿದೆ.

ಒಳಗಿದ್ದ ಅಧಿಕಾರಿ ಸತೀಶ್ ಕುಮಾರ್ ಸಾಹೇಬರು ಕೆಟ್ಟವರಲ್ಲ. ಏಕವಚನದಲ್ಲಿ ಮಾತಾಡಿಸಲಿಲ್ಲ. ನೀರು ತರಿಸಿದರು. ಕೆಟ್ಟವರಾಗಿದ್ದರೆ ಬೈದು ಬರಬಹುದಿತ್ತು.

“ನಿಮ್ಮ ವ್ಯಾಪಾರದ ಸ್ಥಳ ಎಲ್ಲಮ್ಮ?”

“ಯಾವತ್ತಿಂದು ಸ್ವಾಮಿ? ನಿನ್ನೆ ಚೀಲೂರು ಹತ್ರ ಇತ್ತು.”

“ಗೋಡೌನ್?”

“ಕುರಿ ಹೊಟ್ಟೇಲಿ ಇರ್ತೈತೆ. ಬೆಳಿಗ್ಗೆ ಹೊತ್ತಿಗೆ ಖಾಲಿ ಆಗ್ತೈತೆ,” ಎಂದು ನಾನು ಹೇಳಿದೆ. ನನ್ನನ್ನು ಹೊರಗೆ ನಿಲ್ಲಲು ಹೇಳಿದರು. ಬಾಗಿಲಲ್ಲಿ ನಿಂತೆ.

“ನೋಡಿ ಅಮ್ಮ, ಜೀವಂತ ಕುರಿ ಮಾರಾಟಕ್ಕೆ ತೆರಿಗೆ ಇಲ್ಲ,” ಎಂದರು ಸಾಹೇಬರು.

“ಇಲ್ಲ ಅಂದ್ಮ್ಯಾಲೆ ಇದು ಯಾಕೆ ಕಳ್ಸಿದ್ರಿ?”

“ಬಂದದ್ದು ಕುರಿ ದುಡ್ಡೇ ಅಂತ ದಾಖಲೆ ಬೇಕಲ್ಲ. ಬಿಲ್ಲು, ರಶೀದಿ. ಅದೂ ಬೇರೆಯವರ ಕುರಿ ಅಂತೀರಿ. ಯಾವುದು ಯಾರದು ಅನ್ನೋದಕ್ಕೆ ಕಾಗದ ಬೇಕು.”

“ಕಾಗದ ಯಾಕೆ ಸ್ವಾಮಿ, ಕಿವೀಲಿ ಐತಲ್ಲ.”

ನಮ್ಮಲ್ಲಿ ಮರಿ ಹುಟ್ಟಿದ ತಿಂಗಳಿಗೆ ಕಿವಿ ಕತ್ತರಿಸುತ್ತೇವೆ. ಒಂದೊಂದು ಮನೆಗೆ ಒಂದೊಂದು ಗುರುತು. ಜುಂಜಪ್ಪಜ್ಜನದು ಬಲಗಿವಿ ತುದಿ ಸೀಳು. ತಿಪ್ಪಮ್ಮನದು ಎಡಗಿವಿ ಅಂಚಿನಲ್ಲಿ ಅರ್ಧಚಂದ್ರ. ನೂರು ಜಾತ್ರೆಯ ಕುರಿ ಬೆರೆಸಿ ಕತ್ತಲಲ್ಲಿ ಬಿಟ್ಟರೂ ಬೆರಳಿನಲ್ಲಿ ಮುಟ್ಟಿ ಬೇರೆ ಮಾಡುತ್ತೇವೆ. ಆ ಗುರುತು ತಿದ್ದಿದವನನ್ನು ಮಂದೆಯಿಂದ ಹೊರಗೆ ಹಾಕುತ್ತಾರೆ. ಅವನ ಮಗಳಿಗೆ ಗಂಡು ಸಿಗುವುದಿಲ್ಲ.

“ಅದನ್ನ ಅಪ್‌ಲೋಡ್ ಮಾಡೋಕೆ ಆಗಲ್ಲಮ್ಮ,” ಎಂದರು ಸಾಹೇಬರು. “ಜೆರಾಕ್ಸ್ ಆದರೂ ತನ್ನಿ.”

ಅವರು ಬಾಯಿ ಮಾತಿಗೆ ಹೇಳಿದ್ದು. ತಿಪ್ಪಮ್ಮನಿಗೆ ಬಾಯಿ ಮಾತು, ಬರಹದ ಮಾತು ಎಂದು ಎರಡಿಲ್ಲ.

ಮಾರನೆಯ ದಿನ ಹೊನ್ನಾಳಿಯಲ್ಲಿ ಮಂದೆಯೆಲ್ಲ ಜೆರಾಕ್ಸ್ ಅಂಗಡಿ ಮುಂದೆ ನಿಂತಿತು. ಬಸ್ಸು ಅರ್ಧ ಗಂಟೆ ನಿಂತಿತು. ಮನೆಗೊಂದರಂತೆ ಏಳು ಕುರಿ ಒಳಗೆ ಒಯ್ದೆವು. ಪ್ರಮೀಳಾ ಮುಚ್ಚಳ ಎತ್ತಿದಳು, ನಾನು ಕುರಿ ಎತ್ತಿದೆ, ತಿಪ್ಪಮ್ಮ ಕಿವಿ ಗಾಜಿನ ಮೇಲೆ ಒತ್ತಿ ಹಿಡಿದಳು. ಬೆಳಕು ಹಾದು ಹೋಯಿತು. ಕುರಿ ಗಾಬರಿಯಾಗಿ ಮೆಷಿನ್ನಿನ ಮೇಲೇ ಹಿಕ್ಕೆ ಹಾಕಿತು. ಏಳು ಹಾಳೆ ಬಂದವು. ಕೂದಲು ಸಮೇತ ಬಿದ್ದಿತ್ತು ಗುರುತು. ಅಷ್ಟರಲ್ಲಿ ಜುಂಜಪ್ಪಜ್ಜನ ಟಗರು ನೋಟಿಸಿನ ಎರಡನೇ ಪುಟ ತಿಂದುಬಿಟ್ಟಿತು. ಅದನ್ನು ಅರಗಿಸಿಕೊಂಡ ಪ್ರಾಣಿ ಈ ತನಕ ಅದೊಂದೇ.

“ಇದು ಮಾತ್ರ ಸುಳ್ಳು,” ಎಂದ ಹಾಲಸ್ವಾಮಿ.

“ನಿಮ್ಮ ಫೈಲ್‌ನಾಗೇ ಐದಾವೆ ನೋಡ್ರಿ.”

ಅವನು ಫೈಲು ಬಿಚ್ಚಿದ. ಪುಟ ಮಗುಚಿದ. ಏಳು ಕಿವಿ ಇದ್ದವು. ಪ್ರತಿಯೊಂದರ ಕೆಳಗೂ ಸ್ವೀಕರಿಸಿದ ಮೊಹರು. ಶಿವಗಂಗಮ್ಮ ಒಲೆ ಬಿಟ್ಟು ಬಂದು ಬಗ್ಗಿ ನೋಡಿದಳು. “ಅಯ್ಯೋ ಶಿವನೆ, ಕಿವಿ,” ಎಂದಳು.

ಆ ಹಾಳೆಗಳನ್ನು ಹಿಡಿದು ಮತ್ತೆ ಕಚೇರಿಗೆ ಹೋದೆವು. ತೆರಿಗೆ ಸಲಹೆ ಕೊಡುವ ರೇಣುಕಪ್ರಸಾದ್ ಎಂಬವರು ನಮಗಾಗಿ ಒಂದು ಕಾಗದ ತಯಾರಿಸಿದ್ದರು. ಸಾಹೇಬರ ಮೇಜಿನ ಮೇಲೆ ಅದೂ ಇತ್ತು. ರೇಣುಕಪ್ರಸಾದರೇ ಓದಿ ಹೇಳಿದರು: ಆರುನೂರ ಹನ್ನೆರಡು ಕುರಿಯೂ ತನ್ನ ಸ್ವಂತದ್ದು, ಬಂದ ದುಡ್ಡೆಲ್ಲ ತನ್ನದೇ ಕುರಿ ಮಾರಿದ್ದು, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳುತ್ತೇನೆ ಎಂದು ತಿಪ್ಪಮ್ಮ ಬರೆದುಕೊಡುವುದು.

“ಒಂದು ಹೆಬ್ಬೆಟ್ಟು ಹಾಕಮ್ಮ, ಮುಗೀತು,” ಎಂದರು ರೇಣುಕಪ್ರಸಾದ್. “ಒಬ್ಬರದೇ ಕುರಿ ಅಂದ್ರೆ ಒಂದೇ ಅರ್ಜಿ. ಏಳು ಮನೆ ಅಂದ್ರೆ ಪಾಲುದಾರಿಕೆ, ಅದಕ್ಕೆ ಬೇರೆ ಕೇಸು. ಇದಕ್ಕೆ ಸಣ್ಣ ದಂಡ ಕಟ್ಟಿದ್ರೆ ಖಾತೆ ಬಿಡ್ತಾರೆ. ಬರೀ ಕಾಗದದ ಮಾತು. ಕುರಿ ಎಲ್ಲಿದ್ದಾವೋ ಅಲ್ಲೇ ಇರ್ತಾವೆ.”

ತಿಪ್ಪಮ್ಮ ಕಾಗದ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿದಳು. ಮಸಿ ಪ್ಯಾಡು ಮುಂದೆ ಸರಿಸಿದರು. ನಾನೇ ಹೇಳಿದೆ: “ಹಾಕವ್ವ. ಖಾತೆ ಬಿಟ್ರೆ ಔಷಧಿ ಬರ್ತೈತೆ. ಜುಂಜಪ್ಪಜ್ಜನ ಬಾಯಿ ಮುಚ್ತೈತೆ.” ನನಗೆ ಸುಳ್ಳು ಅಭ್ಯಾಸ. ಒಂದು ಹೆಬ್ಬೆಟ್ಟು ನನಗೆ ದೊಡ್ಡದಾಗಿ ಕಾಣಲಿಲ್ಲ.

“ಇದರಾಗೆ ಜುಂಜಪ್ಪಜ್ಜನ ಕುರಿ ನಂದು ಅಂತ ಐತಾ?”

“ಐತೆ. ಆದ್ರೆ...”

“ದುರ್ಗಾಂಬಿಕಾಂದು? ಅವಳು ಬಾಣಂತಿ. ಅವಳ ನಲವತ್ತು ಕುರೀನೂ ನಂದು ಅಂತ ಐತಾ?”

“ಕಾಗದದ ಮ್ಯಾಲೆ ಅಷ್ಟೇನಮ್ಮ.”

“ಕಿವಿ ಕೊಯ್ದ್ರೂ ಕಳ್ತನ, ಕಾಗದ ಬರದ್ರೂ ಕಳ್ತನ,” ಎಂದಳು. ಮಸಿ ಪ್ಯಾಡನ್ನು ಹಿಂದಕ್ಕೆ ತಳ್ಳಿದಳು. ಅದು ಜಾರಿ ಸಾಹೇಬರ ಬಿಳಿ ಅಂಗಿಯ ಹತ್ತಿರ ನಿಂತಿತು. “ಮೂವತ್ತೊಂದು ನನ್ನವು. ಅದಕ್ಕೆಷ್ಟು ತೆರಿಗೆ ಹೇಳ್ರಿ. ಒಂದು ಮಾರಿ ಕೊಡ್ತೀನಿ, ಹತ್ತು ಮಾರಿ ಕೊಡ್ತೀನಿ. ಮೂವತ್ತೆರಡನೇದಕ್ಕೆ ನನ್ನ ಹೆಬ್ಬೆಟ್ಟು ಬೀಳಲ್ಲ. ಜೈಲಿಗೆ ಹಾಕ್ರಿ. ಅಲ್ಲಿ ಕೂರಾಕೆ ಜಾಗನಾದ್ರೂ ಕೊಡ್ತೀರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನಿಯಮ ಇರುವುದೇ ಹೀಗೆ ಎಂದರು. ಅವರ ದನಿಯಲ್ಲಿ ನಿಜವಾಗಿ ಬೇಸರ ಇತ್ತು. ಅದರಿಂದ ಒಂದು ಕುರಿಗೂ ಔಷಧಿ ಬರಲಿಲ್ಲ. ನೋಟಿಸಿಗೆ ತೃಪ್ತಿಕರ ಉತ್ತರ ಬಂದಿಲ್ಲ, ಆದ್ದರಿಂದ ಕುರಿಗಳೆಲ್ಲ ತಿಪ್ಪಮ್ಮನವೇ ಎಂದು ಆದೇಶವಾಯಿತು. ಅವಳು ನನ್ನವಲ್ಲ ಎಂದದ್ದನ್ನು ಸರ್ಕಾರ ನಿನ್ನವೇ ಎಂದು ಬರೆದು, ನಿನ್ನವಾದ್ದರಿಂದ ಜಪ್ತಿ ಎಂದು ಇನ್ನೊಂದು ಸಾಲು ಬರೆಯಿತು.

“ಆ ಸಾಲೇ ಈಗ ನಿಮ್ಮ ಕಂಕುಳಲ್ಲಿ ಐತೆ,” ಎಂದೆ.

ಹಾಲಸ್ವಾಮಿ ಫೈಲು ಮುಚ್ಚಿದ. “ನಾನೇನ್ ಮಾಡಲಿ ಹೇಳ್ರಿ? ನಂಗೂ ಹೆಂಡ್ತಿ ಮಕ್ಕಳು ಐದಾರೆ. ಎಣಿಸು ಅಂದಿದಾರೆ, ಎಣಿಸ್ತೀನಿ. ಹನ್ನೊಂದೂವರೆ ಆತು. ನಡೀರಿ.”

“ಎಣಿಸ್ರಿ. ಆದ್ರೆ ಮೂವತ್ತೊಂದೇ ಸಿಗ್ತಾವೆ.”

“ಏನಂದ್ರಿ?”

ನಿನ್ನೆ ಸಂಜೆ ಪ್ರಮೀಳಾ ಫೋನು ಮಾಡಿದ್ದಳು, ಜಪ್ತಿಗೆ ಬರುತ್ತಾರಂತೆ ಎಂದು. ಬೆಳಕು ಹರಿಯುವ ಹೊತ್ತಿಗೆ ಮಂದೆ ಬಿಡಿಸಲು ಕೂತೆವು. ತಿಪ್ಪಮ್ಮ ಬಲೆಯ ಬಾಯಲ್ಲಿ ನಿಂತಳು. ಒಂದೊಂದೇ ಕುರಿಯ ಕಿವಿ ಮುಟ್ಟಿ ಮನೆಯ ಹೆಸರು ಕೂಗಿದಳು. ಏಳು ಗುಂಪಾಯಿತು. ಕುರಿಗಳು ಒಂದನ್ನೊಂದು ಬಿಟ್ಟು ಹೋಗಲು ಒಪ್ಪಲಿಲ್ಲ, ತಿರುಗಿ ತಿರುಗಿ ಬಂದು ಬೆರೆತವು. ಕಲ್ಲು ಹೊಡೆದು ಅಟ್ಟಬೇಕಾಯಿತು. ತಾವೇ ಸಾಕಿದ ಕುರಿಗಳಿಗೆ ಹೆಂಗಸರು ಕಲ್ಲು ಹೊಡೆದರು. ಅಜ್ಜಂದಿರ ಕಾಲದ ಮಂದೆ ಅ‌ರ್ಧ ಗಂಟೆಯಲ್ಲಿ ಒಡೆದುಹೋಯಿತು. ಆರು ಮನೆಯವರು ಆರು ದಾರಿ ಹಿಡಿದರು. ನನ್ನವನ್ನು ನನ್ನ ತಮ್ಮ ಹೊಡೆದುಕೊಂಡು ಹೋದ.

ಜುಂಜಪ್ಪಜ್ಜ ಕೊನೆಗೆ ನಿಂತ. “ತಂಗೀ, ನಿನ್ನವನ್ನೂ ನನ್ನ ಮಂದೇಲಿ ಬಿಡು. ನಾನು ಅವತ್ತು ಕೇಳಬಾರದ್ದು ಕೇಳ್ದೆ,” ಎಂದ.

“ಬ್ಯಾಡಜ್ಜ. ನಿನ್ನವುಗಳ ನಡುವೆ ನನ್ನವು ಸಿಕ್ಕಿದ್ರೆ ನಿನ್ನವೂ ನನ್ನವು ಅಂತ ಬರಕೊಂತಾರೆ. ನಡಿ ನೀನು,” ಎಂದಳು. ಅಜ್ಜ ಅಲ್ಲೇ ನಿಂತ. ಅವಳು ಅವನಿಗೂ ಒಂದು ಕಲ್ಲು ಎತ್ತಿದಳು.

ಹಾಲಸ್ವಾಮಿ ಎದ್ದು ನಿಂತ. ಬೆಂಚು ಹಿಂದಕ್ಕೆ ಉರುಳಿತು.

“ಎರಡೂವರೆ ಗಂಟೆ ಮಾತಾಡಿಸಿ ಕೂರಿಸ್ಕಂಡ್ರೇನ್ರಿ ನನ್ನ?”

“ಎರಡು ಮುಕ್ಕಾಲು.”

“ಆಯಮ್ಮನೂ ಓಡಿಹೋದ್ಲಾ?”

“ಇಲ್ಲ ಸ್ವಾಮಿ. ಗದ್ದೇಲೇ ಐದಾಳೆ. ನನ್ನವು ನನ್ನವೇ, ಅದಕ್ಯಾಕೆ ಓಡ್ಲಿ ಅಂದ್ಲು. ಬೆಳಿಗ್ಗೆಯಿಂದ ಒಬ್ಬಳೇ ಬಲೆ ಹಿಡ್ಕಂಡು ನಿಂತಾಳೆ.”

ಅವನು ಫೋನು ತೆಗೆದು ಲಾರಿಯವನಿಗೆ ಕಾಲುವೆಯ ದಾರಿ ಹೇಳಿದ. ಮೂರು ಲಾರಿ ಬೇಡ, ಒಂದೇ ಸಾಕು ಎಂದ. ಫೈಲು ಕಂಕುಳಿಗೆ ಸೇರಿಸಿದ. ನಾನು ಹಿಂದೆಯೇ ಎದ್ದೆ. ನನ್ನ ಹತ್ತಿರ ಕತೆ ಮುಗಿದಿತ್ತು.

“ಸ್ವಾಮಿ, ಒಂದು ಮಾತು. ಇದು ಕತೆ ಅಲ್ಲ. ಆ ಮೂವತ್ತೊಂದರಾಗೆ ನಾಲ್ಕು ಗಬ್ಬದವು ಐದಾವೆ. ಲಾರಿಗೆ ಹತ್ತಿಸುವಾಗ ಹೊಟ್ಟೆಗೆ ಕೈ ಹಾಕಿ ಎತ್ತಬಾರ್ದು, ಮರಿ ಸಾಯ್ತಾವೆ. ಮುಂಗಾಲು ಮೊದ್ಲು ಹಲಗೆ ಮ್ಯಾಲಿಟ್ಟು, ಆಮ್ಯಾಲೆ ಹಿಂದಿಂದ ಮೆಲ್ಲಗೆ, ಹಿಂಗೆ, ಎರಡೂ ಕೈಯಾಗೆ, ಬಾಲದ ಕೆಳಗೆ...”

ಹಾಲಸ್ವಾಮಿ ಆಗಲೇ ರಸ್ತೆ ದಾಟಿ ಕಾಲುವೆಯ ಏರಿ ಹತ್ತುತ್ತಿದ್ದ.